ಅಂಗಡಿಯ ಕೋಲೋ, ಅಳತೆಯ ಕೋಲೋ?

(ಶಾಲೆಯ ಶತಮಾನೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗಿಂತ ಮೊದಲು ಮಾತನಾಡಿದ ಹಿರಿಯರು ಈ ಶಾಲೆಯ ನೂರು ವರ್ಷಗಳ ಚರಿತ್ರೆಯನ್ನೂ ಗಡಿನಾಡಿನಲ್ಲಿ ಕನ್ನಡ ಶಿಕ್ಷಣ ನಡೆದು ಬಂದ ದಾರಿಯನ್ನೂ ವಿಸ್ತಾರವಾಗಿ ನಿರೂಪಿಸಿದ್ದಾರೆ. ನನ್ನ ಪಾಲಿಗೆ ಬಂದಿರುವ ವಿಷಯ ಅವುಗಳ ಮುಂದೆ ಬಹಳ ಚಿಕ್ಕದು. ಅದು ಹಾಕಿ ಆಡುವ ಕೋಲಿನ ವಿಷಯ. ಈ ಶಾಲೆಯಲ್ಲಿ ಓದಿ, ಅನಂತರ ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದೈಹಿಕ ಶಿಕ್ಷಕನಾಗಿ ಕೆಲಸ ಮಾಡಿದವನೆಂಬ ಕಾರಣಕ್ಕೆ ಸಮಿತಿಯವರು ನನ್ನನ್ನು ಈ ಕುರಿತು ಮಾತನಾಡಲು ಕೇಳಿಕೊಂಡಿದ್ದಾರೆ. ಅವರಿಗೆ ಕೃತಜ್ಞತೆಗಳನ್ನು ಸಲ್ಲಿಸಿ ವಿಷಯಕ್ಕೆ ಬರುತ್ತೇನೆ.

ನಮ್ಮ ಹಳೆಯ ವಿದ್ಯಾರ್ಥಿಗಳು ಶತಮಾನೋತ್ಸವದ ನೆನಪಿಗಾಗಿ ಶಾಲೆಯಲ್ಲಿ ಹಾಕಿ ಆಟವನ್ನು ಆರಂಭಿಸಬೇಕೆಂದು ನಿಧಿ ಕೂಡಿಸಿದ್ದಾರೆ. ಆ ನಿಧಿಯಿಂದ ಕೋಲುಗಳನ್ನು ಹೇಗೆ ಪಡೆಯಬೇಕೆಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಜಲಂಧರದ ತಯಾರಕರಿಗೆ ಬರೆದು, ಶಾಲೆಯ ಬಣ್ಣ, ಶಾಲೆಯ ಹೆಸರು, ಶತಮಾನೋತ್ಸವದ ಲಾಂಛನಗಳೊಂದಿಗೆ ಇಡೀ ತಂಡಕ್ಕೆ ಒಂದೇ ಬಗೆಯ ಉತ್ತಮ ಕೋಲುಗಳನ್ನು ಮಾಡಿಸಿ ತರಿಸೋಣ ಎಂಬುದು ಒಂದು. ಅಷ್ಟು ವೆಚ್ಚ ಏಕೆ, ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ಅಂಗಡಿಗೆ ಹೋಗಿ ಇದ್ದುದನ್ನು ಕೊಂಡು ತರೋಣ ಎಂಬುದು ಇನ್ನೊಂದು. ಎರಡೂ ಕಡೆಯವರು ನನಗೆ ಬೇಕಾದವರೇ. ಆದರೆ ಎರಡೂ ಮಾತುಗಳಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ: ಆ ಕೋಲನ್ನು ಹಿಡಿಯುವ ಮಗು ಎಷ್ಟು ಎತ್ತರವಿದೆ ಎಂಬುದು.

ಮಾಡಿಸುವುದು ಎಂದರೇನು, ಕೊಳ್ಳುವುದು ಎಂದರೇನು ಎಂಬುದನ್ನು ನಾರಾಯಣಪೇಟೆ, ಗದ್ವಾಲ, ಮಕ್ತಲ ಸೀಮೆಯ ಜನರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ನಮ್ಮದು ಮಗ್ಗದ ನಾಡು. ನಾರಾಯಣಪೇಟೆಯಲ್ಲಿ ಒಂದೇ ಹಾಸಿನ ಮೇಲೆ ಎಂಟು ಸೀರೆಗಳನ್ನು ನೇಯುವ ಪದ್ಧತಿ ಹಿಂದಿನಿಂದ ಬಂದಿದೆ. ಹಾಸು ಹೂಡಿದ ಮೇಲೆ ಆ ಎಂಟು ಸೀರೆಗಳ ಒಡಲಿನ ಬಣ್ಣ ಬಹುಮಟ್ಟಿಗೆ ನಿಶ್ಚಯವಾದಂತೆ. ಹೀಗಿರುವಾಗ ಯಾರಾದರೂ ಬಂದು ತಮಗೆ ಬೇಕಾದ ಬೇರೊಂದು ಬಣ್ಣದಲ್ಲಿ ಒಂದೇ ಒಂದು ಸೀರೆ ಬೇಕೆಂದರೆ ನೇಕಾರ ಯೋಚಿಸಬೇಕಾಗುತ್ತದೆ. ಒಂದು ಸೀರೆಯ ಸಲುವಾಗಿ ಹೊಸ ಹಾಸನ್ನೇ ಹೂಡಬೇಕು. ಗದ್ವಾಲದ ನೇಕಾರರು ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಅಲ್ಲಿ ಬೇಡಿಕೆ ಕೊಟ್ಟು ಮಾಡಿಸುವುದೆಂದರೆ ಮಗ್ಗದ ಮುಂದೆ ಕುಳಿತು ಅಂಚು ಎಷ್ಟು ಅಗಲ, ಸೆರಗು ಯಾವ ಬಣ್ಣ, ಉಡುವವರು ಯಾರು ಎಂದು ಮಾತನಾಡುವುದು. ಸಿದ್ಧವಾದ ಸೀರೆಯ ಮೇಲೆ ಹೆಸರು ಬರೆಸಿಕೊಂಡರೆ ಅದು ಮಾಡಿಸಿದ ಸೀರೆಯಾಗುವುದಿಲ್ಲ. ಈ ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೋಲಿನ ವಿಚಾರವೂ ಸುಲಭವಾಗಿ ತಿಳಿಯುತ್ತದೆ.

ಹಾಕಿ ಕೋಲು ಬಹುಕಾಲ ಮರದ್ದೇ ಆಗಿತ್ತು. ಹಿಪ್ಪುನೇರಳೆ ಮರವನ್ನು ಹದವಾಗಿ ಬಗ್ಗಿಸಿ ತಲೆಯನ್ನು ಮಾಡುತ್ತಿದ್ದರು; ಹಿಡಿಕೆಗೆ ಬೆತ್ತವನ್ನು ಸೇರಿಸಿ, ನಡುವೆ ರಬ್ಬರಿನ ಪಟ್ಟಿಗಳನ್ನಿಟ್ಟು, ಚೆಂಡಿನ ಪೆಟ್ಟು ಕೈಗೆ ತಟ್ಟದಂತೆ ನೋಡಿಕೊಳ್ಳುತ್ತಿದ್ದರು. ದೇಶ ವಿಭಜನೆಗೆ ಮುನ್ನ ಈ ಕಸುಬಿನ ದೊಡ್ಡ ಕೇಂದ್ರ ಸಿಯಾಲ್‌ಕೋಟ್. 1947ರ ಅನಂತರ ಅಲ್ಲಿಂದ ಬಂದ ಕುಶಲಕರ್ಮಿಗಳು ಜಲಂಧರ, ಮೀರತ್‌ಗಳಲ್ಲಿ ನೆಲೆಸಿ ಭಾರತದ ಕ್ರೀಡಾಸಾಮಗ್ರಿಯ ಉದ್ಯಮವನ್ನು ಬೆಳೆಸಿದರು. ಮರದ ಕೋಲಿನ ಕಾಲದಲ್ಲಿ ಅಳತೆಗೆ ತಕ್ಕಂತೆ ಮಾಡಿಸುವುದು ಕಷ್ಟದ ಕೆಲಸವಾಗಿರಲಿಲ್ಲ. ಕೋಲನ್ನು ಕೆತ್ತುವವನ ಕೈಯಲ್ಲಿ ಉಳಿ, ಅರ ಇರುತ್ತಿದ್ದವು. ತುಸು ತೆಳ್ಳಗೆ ಬೇಕು, ತುಸು ಹಗುರ ಬೇಕು ಎಂದರೆ ಕೆತ್ತಿ, ಉಜ್ಜಿ ಕೊಡಬಹುದಿತ್ತು.

ಆಟದ ನೆಲ ಬದಲಾದಾಗ ಕೋಲೂ ಬದಲಾಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹಾಕಿಯನ್ನು ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಚೆಂಡಿನ ವೇಗ ಹೆಚ್ಚಿತು, ಹೊಡೆತದ ಬಲ ಹೆಚ್ಚಿತು. ಅದನ್ನು ತಡೆದುಕೊಳ್ಳುವ ಕೋಲು ಬೇಕಾಯಿತು. ಕ್ರಮೇಣ ಮರದ ಜಾಗಕ್ಕೆ ಕಾರ್ಬನ್ ಫೈಬರ್, ಫೈಬರ್‌ಗ್ಲಾಸ್ ಮೊದಲಾದ ನಾರುಗಳ ಮಿಶ್ರಣದ ಕೋಲುಗಳು ಬಂದವು. ಇವುಗಳನ್ನು ಯಾರೂ ಕೆತ್ತುವುದಿಲ್ಲ. ನಾರಿನ ಹಾಳೆಗಳನ್ನು ಅಂಟುರಾಳದಲ್ಲಿ ನೆನೆಸಿ, ಪದರ ಪದರವಾಗಿ ಸುತ್ತಿ, ಲೋಹದ ಅಚ್ಚಿನೊಳಗಿಟ್ಟು, ಕಾಯಿಸಿ, ಒತ್ತಡ ಕೊಟ್ಟು ಗಟ್ಟಿಮಾಡುತ್ತಾರೆ. ಕೋಲಿನ ಆಕಾರವನ್ನು ನಿರ್ಣಯಿಸುವುದು ಆ ಅಚ್ಚು. ಒಂದು ತಂಡಕ್ಕೆ ಬೇಕಾಗುವ ಇಪ್ಪತ್ತು ಮೂವತ್ತು ಕೋಲುಗಳಿಗಾಗಿ ಹೊಸ ಅಚ್ಚನ್ನು ತಯಾರಿಸುವುದು ಯಾವ ತಯಾರಕನಿಗೂ ಗಿಟ್ಟುವುದಿಲ್ಲ. ಆದ್ದರಿಂದ ಇಂದು ಬೇಡಿಕೆ ಕೊಟ್ಟು ಮಾಡಿಸಿದ ಕೋಲು ಎಂದು ನಾವು ಕರೆಯುವುದರಲ್ಲಿ ಹೆಚ್ಚಿನವು ಇದ್ದ ಅಚ್ಚಿನಿಂದಲೇ ಬಂದು, ಬಣ್ಣವನ್ನೂ ಹೆಸರನ್ನೂ ಮಾತ್ರ ನಮ್ಮದಾಗಿ ಪಡೆದವು. ಒಂದೇ ಹಾಸಿನ ಎಂಟು ಸೀರೆಗಳ ನ್ಯಾಯವೇ ಇಲ್ಲಿಯೂ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎಷ್ಟೇ ಹಣ ಕೊಟ್ಟರೂ ಮನಸ್ಸಿಗೆ ಬಂದಂತೆ ಕೋಲು ಮಾಡಿಸಲು ಆಟದ ನಿಯಮಗಳು ಒಪ್ಪುವುದಿಲ್ಲ. ಕೋಲು 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ಹಾದುಹೋಗಬೇಕು, 737 ಗ್ರಾಂ ತೂಕವನ್ನು ಮೀರಬಾರದು, 105 ಸೆಂಟಿಮೀಟರ್ ಉದ್ದವನ್ನು ಮೀರಬಾರದು, ಮೈಯ ಬಾಗು 25 ಮಿಲಿಮೀಟರ್ ದಾಟಬಾರದು, ಲೋಹ ಇರಬಾರದು. ಪಾಲಕರಲ್ಲಿ ಕೆಲವರು ನನ್ನನ್ನು ಕೇಳುವುದುಂಟು: ನಮ್ಮ ಮಗ ಎಡಚ, ಅವನಿಗೆ ಎಡಗೈಯ ಕೋಲು ಮಾಡಿಸಬಹುದೇ ಎಂದು. ಮಾಡಿಸಲಾಗದು. ಕೋಲಿನ ಚಪ್ಪಟೆ ಮುಖ ಎಡಬದಿಗೇ ಇರಬೇಕೆಂಬುದು ನಿಯಮ. ಎಡಚ ಮಕ್ಕಳೂ ಅದೇ ಕೋಲಿನಿಂದಲೇ ಕಲಿಯುತ್ತಾರೆ. ಹಾಕಿಯಲ್ಲಿ ಕೋಲಿನ ಮೇಲ್ತುದಿಯನ್ನು ಹಿಡಿದು ತಿರುಗಿಸುವುದು ಎಡಗೈಯ ಕೆಲಸವಾದ್ದರಿಂದ ಅವರು ಹಿಂದೆ ಬೀಳುತ್ತಾರೆಂಬ ಭಯವೂ ಬೇಕಾಗಿಲ್ಲ.

ಹಾಗಾದರೆ ವಿಶೇಷವಾಗಿ ಆಯ್ದು, ಹೇಳಿ ಮಾಡಿಸಿದ ಕೋಲು ಯಾರಿಗೂ ಬೇಡವೇ? ಬೇಕು. ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಎಳೆದು ಚಿಮ್ಮಿಸುವ ಆಟಗಾರನಿಗೆ ಬಾಗು ಕೆಳಭಾಗದಲ್ಲಿರುವ ಕೋಲು ಹಿತ. ಕೊಡಗಿನ ವಿ. ಆರ್. ರಘುನಾಥ್ ಅಂಥ ಹೊಡೆತಕ್ಕೆ ಹೆಸರಾದವರು. 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯವನ್ನು ಗೆಲ್ಲಿಸಿಕೊಟ್ಟ ನಮ್ಮ ಕರ್ನಾಟಕದ ಆಶಿಶ್ ಬಲ್ಲಾಳರಂಥ ಗೋಲುರಕ್ಷಕರಿಗೆ ಬೇಕಾದ ಕೋಲಿನ ಬಗೆಯೇ ಬೇರೆ. ಆದರೆ ಅವರೆಲ್ಲ ಬೆಳೆದು ನಿಂತವರು. ಅವರ ಎತ್ತರ ನಿಂತಿದೆ, ಆಟದ ಸ್ಥಾನ ನಿಶ್ಚಯವಾಗಿದೆ, ತಮಗೆ ಏನು ಬೇಕೆಂಬುದು ಸಾವಿರಾರು ಹೊಡೆತಗಳ ಅನುಭವದಿಂದ ತಿಳಿದಿದೆ. ಮಾಡಿಸುವವನಿಗೆ ತನಗೆ ಬೇಕಾದುದು ಏನೆಂದು ಹೇಳಲು ಬರಬೇಕು. ಆರನೆಯ ತರಗತಿಯ ಮಗುವಿಗೆ ಅದು ಇನ್ನೂ ತಿಳಿದಿರುವುದಿಲ್ಲ. ತಿಳಿಯಲೆಂದೇ ಅದು ಆಡಬೇಕು.

ಮಕ್ಕಳು ಬೆಳೆಯುವವರು. ಜೂನ್ ತಿಂಗಳಲ್ಲಿ ಅಳತೆ ಕೊಟ್ಟು ಹೊಲಿಸಿದ ಸಮವಸ್ತ್ರ ಮುಂದಿನ ಜೂನ್‌ಗೆ ಮೊಣಕಾಲಿನ ಮೇಲೆ ಏರಿರುತ್ತದೆ. ಅದಕ್ಕಾಗಿಯೇ ನಮ್ಮ ತಾಯಂದಿರು ಲಂಗಕ್ಕೆ ಒಳಮಡಿಕೆ ಹಾಕಿಸಿ, ವರ್ಷಕ್ಕೊಂದರಂತೆ ಬಿಚ್ಚಿಕೊಡುತ್ತಿದ್ದರು. ಕೋಲಿಗೆ ಒಳಮಡಿಕೆ ಇಲ್ಲ. ಹನ್ನೆರಡು ವರ್ಷದ ಮಗುವಿಗೆ ಅಳತೆ ಹಿಡಿದು ಮಾಡಿಸಿದ ಕೋಲು ಒಂದೆರಡು ವರ್ಷಗಳಲ್ಲಿ ಗಿಡ್ಡವಾಗುತ್ತದೆ. ಮುಂದಿನ ವರ್ಷಗಳಿಗೂ ಇರಲಿ ಎಂದು ಉದ್ದನೆಯ ಕೋಲನ್ನೇ ಕೊಟ್ಟರೆ ಆಗುವ ಅನರ್ಥ ಇನ್ನೂ ದೊಡ್ಡದು.

ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕೆಲಸ ಮಾಡುತ್ತಿದ್ದ ಒಂದು ಶಾಲೆಗೆ ದಾನಿಗಳು ಕೊಡಿಸಿದ ಕೋಲುಗಳು ಬಂದವು. ಬಹಳ ಚೆಂದದ ಕೋಲುಗಳು. ಎಲ್ಲವೂ 37 ಇಂಚಿನವು. ಏಳನೆಯ ತರಗತಿಯ ಹುಡುಗಿಯೊಬ್ಬಳು, ಎತ್ತರ 135 ಸೆಂಟಿಮೀಟರ್ ಇದ್ದಿರಬೇಕು, ಓಟದಲ್ಲಿ ಹುಡುಗರನ್ನೂ ಹಿಂದೆ ಹಾಕುವವಳು, ಕೋಲು ಹಿಡಿದರೆ ಮಾತ್ರ ಎಡವುತ್ತಿದ್ದಳು. ಕೋಲಿನ ತುದಿ ಹೊಟ್ಟೆಗೆ ತಗಲುತ್ತಿತ್ತು. ಅದನ್ನು ತಪ್ಪಿಸಲು ಮೊಣಕೈಗಳನ್ನು ಎತ್ತಿ, ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದಳು. ಚೆಂಡು ಕಾಲಿನಿಂದ ಮಾರುದ್ದ ದೂರ ಹೋಗುತ್ತಿತ್ತು. ಎರಡು ವಾರ ಕಳೆದ ಮೇಲೆ ‘ಸರ್, ನನಗ ಈ ಆಟ ಬರಂಗಿಲ್ರಿ’ ಎಂದು ಹೇಳಿ ಕೋಲನ್ನು ಗೋಡೆಗೆ ಆನಿಸಿಟ್ಟಳು. ಬೇರೆ ಶಾಲೆಯಿಂದ 32 ಇಂಚಿನ ಹಳೆಯ ಮರದ ಕೋಲೊಂದನ್ನು ಕೇಳಿ ತಂದು ಅವಳ ಕೈಗೆ ಕೊಟ್ಟೆವು. ಬಣ್ಣ ಹೋಗಿತ್ತು, ಹಿಡಿಕೆಯ ಪಟ್ಟಿ ಬಿಚ್ಚಿತ್ತು. ಆದರೆ ಆ ಕೋಲಿನಿಂದ ಅವಳು ಬಾಗಿ ಆಡತೊಡಗಿದಳು. ಆ ವರ್ಷ ಅಂತರಶಾಲಾ ಪಂದ್ಯದಲ್ಲಿ ತಂಡದ ನಡುವಿನ ಸಾಲಿನಲ್ಲಿ ನಿಂತಳು. ಆಟ ಬಾರದಿದ್ದುದು ಅವಳಿಗಲ್ಲ, ಕೋಲು ಅವಳದಾಗಿರಲಿಲ್ಲ. ಅಂಥ ಹಳೆಯ ಕೋಲೊಂದು ಸಿಗದೆ, ತಮಗೆ ಈ ಆಟ ಒಗ್ಗದೆಂದು ನಂಬಿಕೊಂಡು ಮೈದಾನ ಬಿಟ್ಟ ಮಕ್ಕಳು ಎಷ್ಟು ಮಂದಿಯೋ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚೆಂಬುದು ನನ್ನ ಅನುಭವ. ಏಕೆಂದರೆ ಶಾಲೆಗಳು ಕೋಲು ಕೊಳ್ಳುವಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಹತ್ತನೆಯ ತರಗತಿಯ ಹುಡುಗನ ಎತ್ತರವನ್ನು.

ಇದಕ್ಕೆ ಪ್ರತಿಯಾಗಿ ಒಂದು ಮಾತು ಕೇಳಿಬರುತ್ತದೆ: ದೊಡ್ಡ ಆಟಗಾರರು ಮುರಿದ ಕೋಲಿನಿಂದಲೇ ಕಲಿತರಲ್ಲ ಎಂದು. ನಿಜ. ಧನರಾಜ್ ಪಿಳ್ಳೈ ಬಾಲ್ಯದಲ್ಲಿ ಮುರಿದ ಕೋಲುಗಳಿಂದ ಆಡಿದವರು. ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡದ ನಾಯಕಿಯಾದ ರಾಣಿ ರಾಂಪಾಲ್, ಗಾಡಿ ಎಳೆದು ಸಂಸಾರ ನಡೆಸುತ್ತಿದ್ದ ತಂದೆಯ ಮಗಳು, ಮುರಿದ ಕೋಲಿನಿಂದಲೇ ಆರಂಭಿಸಿದರು. ಅವರ ಸಾಧನೆಗೆ ತಲೆಬಾಗೋಣ. ಆದರೆ ಅವರ ಕಷ್ಟವನ್ನು ನಮ್ಮ ಅಲಕ್ಷ್ಯಕ್ಕೆ ಸಮರ್ಥನೆಯಾಗಿ ಬಳಸಬಾರದು. ಹಾಗೆ ಗೆದ್ದು ಬಂದವರ ಹೆಸರು ನಮಗೆ ತಿಳಿದಿದೆ. ಸೋತು ಮನೆಗೆ ಹೋದವರ ಹೆಸರನ್ನು ಯಾರೂ ಬರೆದಿಟ್ಟಿಲ್ಲ.

ಕನ್ನಡ ನಾಡಿನಲ್ಲಿ ಹಾಕಿ ಮನೆಮನೆಯ ಆಟವಾಗಿರುವುದು ಕೊಡಗಿನಲ್ಲಿ. 1975ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಬಿ. ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನ ಚಿನ್ನದ ತಂಡದಲ್ಲಿದ್ದ ಎಂ. ಎಂ. ಸೋಮಯ್ಯ ಆ ನೆಲದವರು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ 2024ರ ವೇಳೆಗೆ 360 ಕುಟುಂಬಗಳ ತಂಡಗಳು ಆಡಿದವು. ಒಂದೇ ಮನೆತನದ ಹಿರಿಯರು, ಕಿರಿಯರು, ಹೆಣ್ಣುಮಕ್ಕಳು ಒಂದೇ ತಂಡದಲ್ಲಿ ಆಡುವುದು ಅದರ ಸೊಗಸು. ಅಂಥ ತಂಡದಲ್ಲಿ ಎಲ್ಲರ ಕೈಗೂ ಒಂದೇ ಅಳತೆಯ ಕೋಲು ಹೊಂದುವುದು ಸಾಧ್ಯವೇ? ಶಾಲೆಯೂ ಒಂದು ದೊಡ್ಡ ಮನೆತನ. ಇಲ್ಲಿ ಐದನೆಯ ತರಗತಿಯವರೂ ಇದ್ದಾರೆ, ಹತ್ತನೆಯವರೂ ಇದ್ದಾರೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಒಂದೇ ವಾಕ್ಯದಲ್ಲಿ ಹೇಳುತ್ತೇನೆ: ಅಳತೆ ಹಿಡಿಯಬೇಕಾದುದು ಮಗುವನ್ನು, ಆಮೇಲೆ ಆ ಅಳತೆಯ ಕೋಲನ್ನು ಅಂಗಡಿಯಿಂದಲೇ ತರಬಹುದು. ಇದನ್ನು ಕಾರ್ಯರೂಪಕ್ಕೆ ತರಲು ಕೆಲವು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ.

ಮೊದಲನೆಯದು, ಕೋಲು ಕೊಳ್ಳುವ ಮೊದಲು ಪ್ರತಿ ಮಗುವಿನ ಎತ್ತರವನ್ನೂ, ನೆಲದಿಂದ ಸೊಂಟದ ಎಲುಬಿನವರೆಗಿನ ಎತ್ತರವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಕೋಲನ್ನು ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿದರೆ ಅದರ ತುದಿ ಸುಮಾರಾಗಿ ಸೊಂಟದ ಎಲುಬಿನವರೆಗೆ ಬರಬೇಕು. ಶಾಲೆ ಆರಂಭವಾದಾಗ ಒಮ್ಮೆ, ದಸರೆಯ ರಜೆ ಮುಗಿದ ಮೇಲೆ ಇನ್ನೊಮ್ಮೆ ಈ ಅಳತೆ ನಡೆಯಲಿ.

ಎರಡನೆಯದು, 28 ಇಂಚಿನಿಂದ 37 ಇಂಚಿನವರೆಗೆ ಬೇರೆ ಬೇರೆ ಅಳತೆಯ ಕೋಲುಗಳನ್ನು ಆ ಪುಸ್ತಕದ ಲೆಕ್ಕದಂತೆ ತರಬೇಕು. ಕೋಲು ಮಗುವಿನ ಸ್ವತ್ತಾಗುವುದು ಬೇಡ, ಗ್ರಂಥಾಲಯದ ಪುಸ್ತಕದಂತೆ ಶಾಲೆಯದಾಗಿರಲಿ. ಬೆಳೆದ ಮಗು ತನ್ನ ಕೋಲನ್ನು ಕಿರಿಯರಿಗೆ ಬಿಟ್ಟುಕೊಟ್ಟು ಮುಂದಿನ ಅಳತೆಯದನ್ನು ತೆಗೆದುಕೊಳ್ಳಲಿ. ಅಣ್ಣನ ಅಂಗಿ ತಮ್ಮನಿಗೆ ಬರುವ ಮನೆಗಳಿಂದ ಬಂದವರು ನಾವು. ಈ ಪದ್ಧತಿ ನಮಗೆ ಹೊಸದಲ್ಲ.

ಮೂರನೆಯದು, ಬೆಲೆ ಹೆಚ್ಚಾದಷ್ಟೂ ಕೋಲು ಒಳ್ಳೆಯದೆಂಬ ಭ್ರಮೆ ಬೇಡ. ಕಾರ್ಬನ್ ಅಂಶ ಹೆಚ್ಚಿದಂತೆ ಕೋಲು ಬಿಗಿಯಾಗುತ್ತದೆ, ಹೊಡೆತ ಬಲವಾಗುತ್ತದೆ. ಆದರೆ ಚೆಂಡು ತಗುಲಿದರೆ ಪುಟಿದು ಹೋಗುತ್ತದೆ. ಚೆಂಡನ್ನು ತಡೆದು ನಿಲ್ಲಿಸುವುದನ್ನು ಕಲಿಯುವ ಮಗುವಿಗೆ ಮರದ ಕೋಲೋ, ಫೈಬರ್‌ಗ್ಲಾಸ್ ಹೆಚ್ಚಿರುವ ಮೆತ್ತನೆಯ ಕೋಲೋ ಹಿತ. ವಯಸ್ಕರ ಕೋಲು ಸಾಮಾನ್ಯವಾಗಿ 530ರಿಂದ 570 ಗ್ರಾಂ ತೂಗುತ್ತದೆ. ಚಿಕ್ಕ ಮಕ್ಕಳಿಗೆ ಇನ್ನೂ ಹಗುರವಾದುದನ್ನೇ ಆರಿಸಬೇಕು. ನಮ್ಮದು ಕೃತಕ ಹಾಸಲ್ಲ, ಕಲ್ಲು ಮಣ್ಣಿನ ಮೈದಾನ. ಇಲ್ಲಿ ಕೋಲಿನ ತಲೆ ಬೇಗ ಸವೆಯುತ್ತದೆ. ಬೆಲೆಬಾಳುವ ಒಂದು ಕೋಲಿನ ಹಣದಲ್ಲಿ ಬರುವ ಹಲವು ಸಾಧಾರಣ ಕೋಲುಗಳು ನಮ್ಮ ಮಕ್ಕಳಿಗೆ ಹೆಚ್ಚು ದಿನ ಆಟ ಕೊಡುತ್ತವೆ.

ನಾಲ್ಕನೆಯದು, ಅಂಗಡಿಗೆ ಹೋಗುವವರು ಕೋಲನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಲಿ. ಅಂಗಡಿಯ ದೊಡ್ಡ ಅನುಕೂಲ ಅದೇ. ಮರದ ಕೋಲಾದರೆ ಮರದ ಎಳೆಗಳು ತಲೆಯ ಬಾಗಿನುದ್ದಕ್ಕೂ ತುಂಡಾಗದೆ ಹರಿದಿವೆಯೇ ಎಂದು ನೋಡಬೇಕು; ಅಡ್ಡ ಎಳೆ ಇರುವಲ್ಲಿ ಕೋಲು ಸೀಳುತ್ತದೆ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರೆ ಪಕ್ಕಕ್ಕೆ ಸೊಟ್ಟವಾಗಿದ್ದರೆ ಗೊತ್ತಾಗುತ್ತದೆ. ಸಾಧ್ಯವಾದರೆ ಜೊತೆಗೆ ಇಬ್ಬರು ಮಕ್ಕಳನ್ನೂ ಕರೆದೊಯ್ಯಿರಿ. ಚಿಣ್ಣಿಕೋಲು ಆಡಲು ಬೇವಿನ ಕೊಂಬೆಯನ್ನು ತನ್ನ ತೋಳಿಗೆ ಸರಿಹೊಂದುವಂತೆ ಕಡಿದುಕೊಳ್ಳಬಲ್ಲ ಹುಡುಗನಿಗೆ, ಯಾವ ಕೋಲು ತನ್ನ ಕೈಗೆ ಒಗ್ಗುತ್ತದೆಂಬುದು ನಮಗಿಂತ ಚೆನ್ನಾಗಿ ತಿಳಿಯುತ್ತದೆ.

ಐದನೆಯದು, ಮಗುವಿಗೆ ತಕ್ಕಂತೆ ಮಾಡಿಕೊಳ್ಳಬಹುದಾದ ಒಂದು ಭಾಗ ಪ್ರತಿ ಕೋಲಿನಲ್ಲೂ ಇದೆ. ಅದು ಹಿಡಿಕೆಯ ಪಟ್ಟಿ. ಸಣ್ಣ ಅಂಗೈಗೆ ಒಂದು ಸುತ್ತು, ದೊಡ್ಡ ಅಂಗೈಗೆ ಎರಡು ಸುತ್ತು. ಇದನ್ನು ಶಾಲೆಯಲ್ಲೇ ಮಕ್ಕಳ ಕೈಯಿಂದಲೇ ಮಾಡಿಸಬಹುದು. ಉದ್ದದ ಕೋಲನ್ನು ಕತ್ತರಿಸಿ ಗಿಡ್ಡ ಮಾಡುವುದು ಮಾತ್ರ ಬೇಡ. ತೂಕದ ಸಮತೋಲ ಕೆಟ್ಟು ತಲೆ ಭಾರವಾಗುತ್ತದೆ. ಊರಿನ ಕಮ್ಮಾರರಿಂದ 51 ಮಿಲಿಮೀಟರಿನ ಒಂದು ಬಳೆಯನ್ನು ಮಾಡಿಸಿಟ್ಟರೆ ಪಟ್ಟಿ ಸುತ್ತಿದ ಕೋಲು ನಿಯಮದೊಳಗಿದೆಯೇ ಎಂದು ಪಂದ್ಯಕ್ಕೆ ಮುನ್ನ ನಾವೇ ನೋಡಿಕೊಳ್ಳಬಹುದು. ಕೋಲುಗಳನ್ನು ಬೇಸಿಗೆಯ ಬಿಸಿಲಿನಲ್ಲಿಯೂ ಮಳೆಗಾಲದ ತೇವದಲ್ಲಿಯೂ ಬಿಡದೆ ಒಣಗಿದ ನೆರಳಿನಲ್ಲಿ ಇರಿಸಬೇಕು.

ಕೊನೆಯದಾಗಿ, ಮಾಡಿಸೋಣ ಎಂದ ಮಿತ್ರರ ಆಸೆಯನ್ನು ನಾನು ತಳ್ಳಿಹಾಕುತ್ತಿಲ್ಲ. ಶಾಲೆಯ ಹೆಸರು ಕೋಲಿನ ಮೇಲೆ ಇರಬೇಕೆಂದರೆ ಊರಿನ ಬಣ್ಣದ ಕಲಾವಿದರು ಬರೆದುಕೊಡುತ್ತಾರೆ. ನಿಧಿಯ ಒಂದು ಪಾಲನ್ನು ಮಾತ್ರ ಹಾಗೆಯೇ ಕಾದಿರಿಸಿ. ನಾಲ್ಕೈದು ವರ್ಷಗಳ ಮೇಲೆ ಈ ಮಕ್ಕಳಲ್ಲಿ ಒಬ್ಬಳೋ ಒಬ್ಬನೋ ಹದಿನಾರು ಹದಿನೇಳರ ವಯಸ್ಸಿಗೆ ಬಂದು, ಎತ್ತರ ನಿಂತು, ‘ಸರ್, ನನಗೆ ಬಾಗು ಇಂಥಲ್ಲಿರುವ, ಇಷ್ಟು ತೂಕದ ಕೋಲು ಬೇಕು’ ಎಂದು ಕಾರಣ ಸಹಿತ ಕೇಳುವ ದಿನ ಬರುತ್ತದೆ. ಅಂದು ಜಲಂಧರಕ್ಕೆ ಬರೆಯೋಣ. ಆ ದಿನ ಮಾಡಿಸುವ ಒಂದು ಕೋಲು, ಇಂದು ಮಾಡಿಸುವ ಇಪ್ಪತ್ತು ಕೋಲುಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಮಾನ್ಯರೇ, ಈ ಶಾಲೆಯನ್ನು ಕಟ್ಟಿದ ಹಿರಿಯರು ಮಾಡಿದ್ದೂ ಇದೇ ಕೆಲಸವೆಂದು ನನಗೆ ತೋರುತ್ತದೆ. ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆ ಉರ್ದುವಾಗಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಈ ಸೀಮೆ ತೆಲಂಗಾಣವಾಯಿತು. ಗೆರೆಗಳು ಹೇಗೆ ಹೇಗೆ ಸರಿದರೂ ಕೃಷ್ಣಾ ತೀರದ ಅನೇಕ ಮನೆಗಳಲ್ಲಿ ಮಗು ಮೊದಲು ಆಡುವ ಮಾತು ಕನ್ನಡವಾಗಿಯೇ ಉಳಿಯಿತು. ಆ ಮಗುವಿನ ನಾಲಿಗೆಯ ಅಳತೆ ನೋಡಿ ಈ ಶಾಲೆಯನ್ನು ಇಲ್ಲಿ ತೆರೆದರು. ಅದೇ ಶಾಲೆಯ ಅಂಗಳದಲ್ಲಿ, ಮಗುವಿನ ಕೈಗೆ ಕೊಡುವ ಕೋಲಿಗೂ ಅದೇ ವಿವೇಕ ಇರಲಿ ಎಂಬುದಷ್ಟೇ ನನ್ನ ಬಿನ್ನಹ.

ಬರುವ ಸೋಮವಾರ ಬೆಳಿಗ್ಗೆ ಅಳತೆಯ ಪಟ್ಟಿಯೊಂದಿಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ನಮ್ಮ ದೈಹಿಕ ಶಿಕ್ಷಕರು ಒಪ್ಪಿದ್ದಾರೆ. ನಾನೂ ಬಂದು ಪುಸ್ತಕದಲ್ಲಿ ಬರೆದುಕೊಳ್ಳುವ ಕೆಲಸ ಮಾಡುತ್ತೇನೆ. ಬಿಡುವಿದ್ದ ಪಾಲಕರು ದಯಮಾಡಿ ಬನ್ನಿ.